ಅವ್ವ ಸಮುದ್ರಕ್ಕಿಳಿದದ್ದು

ಎಪ್ಪತ್ತರ ದಶಕದ ಶುರುವಿನಲ್ಲಿ ಕೊಳ್ಳೇಗಾಲದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಮೇಷ್ಟ್ರಾಗಿದ್ದೆ. ಒಂದು ಬೇಸಿಗೆ ರಜದಲ್ಲಿ ನಾವು ಮೇಷ್ಟ್ರುಗಳೆಲ್ಲ ಬಸ್ಸು ಗೊತ್ತು ಮಾಡಿಕೊಂಡು, ಮನೆಯವರ ಸಮೇತ ಕರಾವಳಿ ನೋಡಲು ಹೊರಟೆವು. ನನಗಿನ್ನೂ ಮದುವೆಯಾಗಿರಲಿಲ್ಲ. ಅವ್ವನನ್ನು ಕರೆದುಕೊಂಡೆ. ನಮ್ಮೂರು ಅಗರದ ಸುತ್ತ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ ನನ್ನನ್ನು ಓದಿಸಿದವಳು. ಊರ ಹೊಳೆ ಬಿಟ್ಟರೆ ಬೇರೆ ದೊಡ್ಡ ನೀರು ಕಂಡವಳಲ್ಲ.

ನಾವು ಯಾವ ಕೇರಿಯವರೆಂದು ಬಸ್ಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಉದ್ದ ಸೀಟು ನಮಗೆ ಬಿಟ್ಟಿದ್ದರು. ಜಾಗ ಖಾಲಿಯಿದ್ದರೂ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಮಲ್ಪೆಯಲ್ಲಿ ಎಲ್ಲರೂ ಇಳಿಯುವಾಗ ಹೆಡ್‌ಮೇಷ್ಟ್ರು ಹಿಂದಕ್ಕೆ ತಿರುಗಿ, "ಪಾತ್ರೆ ಪಡಗ ಎಲ್ಲ ಅದೆ, ನಿಮ್ಮವ್ವ ನೋಡ್ಕತಾ ಇರ್ಲಿ" ಅಂದರು.

"ನೀ ಓಗ್ಬಾ ಕಣ್ಲಾ, ನಾ ಇಲ್ಲೇ ಕುಂತಿರ್ತೀನಿ" ಅಂದಳು ಅವ್ವ. ನಾನು ಹೋಗಲಿಲ್ಲ. ತೆಂಗಿನ ಮರಗಳಾಚೆ ಅಲೆಗಳ ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ.

ಮಾರನೆಯ ದಿನ ಮರವಂತೆ. ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ನದಿ. ಬಸ್ಸು ನಿಂತಿತು. ಹೆಡ್‌ಮೇಷ್ಟ್ರು ಮತ್ತೆ ಅದೇ ಮಾತು ತೆಗೆದರು.

"ನಿನ್ನೆ ನಮ್ಮವ್ವ ಕಾದಾಯ್ತು ಸಾ. ಇವತ್ತು ನೀವು ಕಾಯ್ರಿ" ಅಂದೆ. ಅವ್ವನ ಕೈ ಹಿಡಿದು ಇಳಿಸಿದೆ.

ಅವಳು ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಅಲೆ ಬಂದು ಮೊಣಕಾಲಿಗೆ ಬಡಿದಾಗ ಕೂಗಿ ನಕ್ಕಳು. ಬೊಗಸೆಯಲ್ಲಿ ನೀರು ತುಂಬಿ ನಾಲಗೆಗೆ ಮುಟ್ಟಿಸಿ, "ಅಯ್ಯೋ, ಬರೀ ಉಪ್ಪು ಕಣ್ಲಾ!" ಅಂದಳು. ಅವಳು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ನೀರಾಡುತ್ತಿದ್ದ ಮೇಷ್ಟ್ರುಗಳ ಹೆಂಡತಿಯರು ಮೇಲೆದ್ದರು. "ಆ ಕಡೆ ಓಗವ ಬನ್ರಿ" ಅಂತ ಒಬ್ಬಾಕೆ ಕರೆದಳು. ಎಲ್ಲರೂ ದೂರ ಹೋಗಿ ಇಳಿದರು. ಅಷ್ಟು ದೊಡ್ಡ ಸಮುದ್ರದಲ್ಲೂ ನಮ್ಮನ್ನು ಮುಟ್ಟಿದ ನೀರು ಅವರಿಗೆ ಬೇಡವಾಗಿತ್ತು.

ಅವ್ವ ಅದನ್ನು ನೋಡಿದಳು. ಸೀರೆಯಂಚು ಹಿಂಡಿಕೊಂಡು, ಯಾರೂ ಹೇಳದೆಯೇ ಬಸ್ಸು ಹತ್ತಿ ಸಾಮಾನಿನ ಪಕ್ಕ ಕುಳಿತಳು. ಊರು ತಲುಪುವವರೆಗೆ ಮತ್ತೆ ಇಳಿಯಲೇ ಇಲ್ಲ.

ಶಾಲೆ ತೆರೆದ ಕೆಲವೇ ದಿನಕ್ಕೆ ನನಗೆ ತಮಿಳುನಾಡಿನ ಗಡಿಯ ಮಾರ್ಟಳ್ಳಿಗೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವ್ವ ನನ್ನ ಜೊತೆ ಬಂದಳು. ಅಲ್ಲಿ ಪಕ್ಕದ ಮನೆಯ ಹೆಂಗಸು ಒಂದು ದಿನ ತಮಿಳು ಬೆರೆಸಿದ ಕನ್ನಡದಲ್ಲಿ, ಕಡಲು ನೋಡಿದ್ದೀಯಾ ಅಂತ ಅವಳನ್ನು ಕೇಳಿದಳು.

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ, "ಇಲ್ಲ ಕಣವ್ವ" ಅಂದಳು.