ಕಚ್ಚಿನಲ್ಲಿ ಮೆತ್ತಿದ್ದ ಕುಂಕುಮ

ಚಿತ್ರದುರ್ಗದ ನಮ್ಮ ಶೂಟಿಂಗ್ ಕ್ಲಬ್ಬಿಗೆ ಒಬ್ಬ ಟೀಚರಮ್ಮ ಪ್ರತಿ ಭಾನುವಾರ ಧರ್ಮಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಚಪ್ಪಲಿ ಬಿಟ್ಟು ನಿಂತು, ಸೆರಗು ಸಿಕ್ಕಿಸಿ, ಕ್ಲಬ್ಬಿನ ಹಳೇ ಏರ್ ಪಿಸ್ತೂಲನ್ನು ಹಾಲಿನ ಲೋಟ ಹಿಡಿದಷ್ಟು ಹಗುರವಾಗಿ ಎತ್ತುತ್ತಿದ್ದರು. ಗುಂಡು ಗುರಿಯ ಕಾಗದದ ನಟ್ಟನಡುವೆ ಬೀಳುತ್ತಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು. ಅಂಗಡಿ ಅಂಗಡಿ ಅಲೆದು, ಅಂಗೈಗೆ ಕೂರುವ ಹಿಡಿಕೆಯನ್ನೇ ಆರಿಸಿ ನಾನು ತಂದ ಹೊಸ ಪಿಸ್ತೂಲು ಮಾತ್ರ ಕಾಗದದ ಅಂಚನ್ನೇ ಹುಡುಕುತ್ತಿತ್ತು.

"ಕೈ ಅಲ್ಲಾಡ್ಲಿ ಬಿಡ್ರಿ ಸಾರ್, ಟ್ರಿಗರ್ ಮೆತ್ತಗೆ ಒತ್ರಿ," ಎನ್ನುತ್ತಿದ್ದರು. ಕೇಳಿದಾಗಲೆಲ್ಲ ಇನ್ನಷ್ಟು ಉರಿ.

ಆಯುಧಪೂಜೆಯ ಮರುವಾರ ನನ್ನ ಗುಂಡುಗಳು ಪೂರ್ತಿ ದಿಕ್ಕು ತಪ್ಪಿದವು. "ಪಿಸ್ತೂಲೇ ಸರಿ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದೆ. ಟೀಚರಮ್ಮ ಅದನ್ನು ಇಸಿದುಕೊಂಡು ನೋಡಿದರು.

"ಗುರಿ ನೋಡೋ ಕಚ್ಚಿನಾಗೆ ಪೂಜೆ ಕುಂಕುಮ ಮೆತ್ಕಂಡೈತೆ ಸಾರ್."

ಸೆರಗಿನ ತುದಿಯಿಂದ ಒರೆಸಿ ಒಂದು ಗುಂಡು ಹೊಡೆದರು. ನಟ್ಟನಡುವೆ.

"ಈಗ ಹೊಡೀರಿ."

ಹೊಡೆದೆ. ಗುಂಡು ಮತ್ತೆ ಅಂಚಿಗೇ ಹೋಯಿತು.

ಅವರ ಸೆರಗಿಗೆ ಹತ್ತಿದ್ದ ಆ ಕೆಂಪನ್ನೇ ನೋಡುತ್ತ ನಿಂತೆ. ಅದೊಂದು ನೆಪವನ್ನಾದರೂ ನನ್ನ ಪಾಲಿಗೆ ಬಿಡಬಾರದಿತ್ತೇ ಆಕೆ!