ಕೋರ್ಟಿಗೆ ಹೋದ ಗಿಣ್ಣದ ಹಾಲು

ಖಾನಾಪುರದ ಹೊರವಲಯದ ತಗಡಿನ ಕೊಟ್ಟಿಗೆಗೆ ಇನ್ನೂ ಬೆಳಕು ಹರಿದಿಲ್ಲ. ಕರೆಪ್ಪ ಕರುವಿನ ಕಣ್ಣಿ ಬಿಚ್ಚುತ್ತಾರೆ. ಅದು ಮುಗ್ಗರಿಸುತ್ತ ಓಡಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಒಂದಿಷ್ಟು ಕುಡಿಯಲು ಬಿಟ್ಟು, ಮೆಲ್ಲಗೆ ಎಳೆದು ತಂದು ತಾಯಿಯ ಮೂತಿಯ ಮುಂದೆ ಕಟ್ಟುತ್ತಾರೆ. ಎಮ್ಮೆ ಕರುವನ್ನು ನೆಕ್ಕತೊಡಗಿದ ಮೇಲೆ ಇವರು ಬಕೆಟ್ಟು ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಾರೆ. “ಕರಾ ಕಣ್ಮುಂದ ಇದ್ರ ಅಷ್ಟ ನಮ್ಮ ಚಂದ್ರಿ ಹಾಲ ಇಳಸತಾಳ್ರಿ. ಇಲ್ಲಂದ್ರ ಏನ ಸರ್ಕಸ್ ಮಾಡ್ರಿ, ಒಂದ ಹನಿ ಬಿಡಂಗಿಲ್ಲ,” ಎನ್ನುತ್ತಾರೆ. ಹಣೆಯ ಮೇಲೆ ಬಿಳಿ ಚುಕ್ಕೆ ಇರುವುದಕ್ಕೆ ಅವಳು ಚಂದ್ರಿ.

‘ನಮ್ಮ’ ಎನ್ನುವುದು ಬಾಯಿಮಾತಿನ ವಾಡಿಕೆ ಅಷ್ಟೇ. ಕೊಟ್ಟಿಗೆಯ ಹನ್ನೊಂದು ಎಮ್ಮೆಗಳೂ ಈಗ ಬೆಳಗಾವಿಯ ಕೋರ್ಟಿನ ತಾಬೆಯಲ್ಲಿವೆ. ಬಸಲಿಂಗಪ್ಪ ಮತ್ತು ಅನಿಕೇತ ಎಂಬ ಇಬ್ಬರು ಗೆಳೆಯರು ಪಾಲುದಾರಿಕೆಯಲ್ಲಿ ಕಟ್ಟಿದ ಡೇರಿ ಇದು. ಕುಂದಾ ಎಂಬ ಹಾಲಿನ ಸಿಹಿ ಮಾಡುವ ಅಂಗಡಿಗಳಿಗೆ ಹಾಲು ಇಲ್ಲಿಂದ ಹೋಗುತ್ತದೆ. ಗೆಳೆಯರ ನಡುವೆ ಎಣ್ಣೆ ಸೀಗೆಕಾಯಿ ಆದಾಗ, ಪಾಲುದಾರಿಕೆ ಮುರಿದು ಎಲ್ಲವನ್ನೂ ಮಾರಿ ಹಂಚಿಕೊಳ್ಳಬೇಕು ಎಂದು ಕೋರ್ಟು ಹೇಳಿತು. ಅಲ್ಲಿಯ ತನಕ ಆಸ್ತಿ ನೋಡಿಕೊಳ್ಳಲು ಅನಗೋಳದ ವಕೀಲೆ ಮೇಘಾ ಅವರನ್ನು ರಿಸೀವರ್ ಎಂದು ನೇಮಿಸಿತು.

“ರಿಸೀವರ್ ಬರತದ ಅಂದ್ರ ನಾ ಫೋನ್ ಕೂಡ್ರಸತಾರ ಅಂತ ತಿಳ್ಕೊಂಡಿದ್ದೆ,” ಎಂದು ಕರೆಪ್ಪ ನಗುತ್ತಾರೆ. ಬಂದ ಮೇಘಾ ಆಫೀಸು ಕೋಣೆಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದರು. ಎಮ್ಮೆಗೆ ಮುದ್ರೆ ಒತ್ತಲು ಬರುತ್ತದೆಯೇ? ಅವಕ್ಕೆ ಮೇವು, ನೀರು, ಕರೆಪ್ಪನವರ ಕೈ ಬೇಕೇ ಬೇಕಾಯಿತು.

ಕಣಕುಂಬಿ ಕಡೆಯ ಕಾಡಂಚಿನಲ್ಲಿ ದನ ಕಾಯುತ್ತ ಬೆಳೆದವರು ಕರೆಪ್ಪ. ಗೆಳೆಯರಿಬ್ಬರೂ ಸೇರಿ ಮೊದಲ ಎಮ್ಮೆ ಕೊಂಡಾಗ ಅದನ್ನು ಹೊಡೆದುಕೊಂಡು ಬಂದು, ಇಲ್ಲಿಯೇ ನಿಂತುಬಿಟ್ಟರು. ರಜೆ ಕಂಡವರಲ್ಲ. ಮಗಳು ಶೀತಲಳ ಮದುವೆಯಲ್ಲಿ ಅಕ್ಕಿಕಾಳು ಬೀಳುತ್ತಲೇ ಹೊಸ ಧೋತರದಲ್ಲೇ ಹಾಲು ಕರೆಯಲು ಓಡಿ ಬಂದಿದ್ದರಂತೆ. ಜಗಳದ ದಿನಗಳಲ್ಲಿ ಒಬ್ಬ ಧಣಿ ಎಮ್ಮೆ ಒಳಗೆ ಕಟ್ಟು ಎಂದರೆ ಇನ್ನೊಬ್ಬರು ಹೊರಗೆ ಕಟ್ಟು ಎನ್ನುತ್ತಿದ್ದರು. “ಅರ್ಧಾ ಒಳಗ, ಅರ್ಧಾ ಹೊರಗ ಕಟ್ಟಿದ್ನಿರಿ. ಇಬ್ಬರ ಮಾತೂ ನಡದಂಗಾತು,” ಎನ್ನುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಚಂದ್ರಿ ಈದಳು. ಗಂಡು ಕರು. ಈದ ಎಮ್ಮೆಯ ಮೊದಲ ದಿನಗಳ ಗಿಣ್ಣದ ಹಾಲನ್ನು ಕರೆಪ್ಪನವರ ಮನೆತನದಲ್ಲಿ ಯಾರೂ ಮಾರಿದವರಲ್ಲ, ಓಣಿಗೆ ಹಂಚಿದವರೇ. ಹಾಗಾಗಿ ಅವರು ಯಾರನ್ನೂ ಕೇಳಲಿಲ್ಲ. ಹೆಂಡತಿ ಸತ್ಯವ್ವ ತಂಬಿಗೆ ತುಂಬಿಕೊಂಡು ಮನೆ ಮನೆಗೆ ಕೊಟ್ಟು ಬಂದರು. ಅಲ್ಲೇ ಎಡವಟ್ಟಾಯಿತು. ಆ ದಿನಗಳ ಹಾಲು ಎಲ್ಲಿ ಹೋಯಿತು, ಆಸ್ತಿಯ ಪಟ್ಟಿಯಲ್ಲಿಲ್ಲದ ಕರು ಎಲ್ಲಿಂದ ಬಂತು, ರಿಸೀವರ್ ಬಸಲಿಂಗಪ್ಪನ ಜೊತೆ ಕೈಜೋಡಿಸಿದ್ದಾರೆ, ಅವರನ್ನು ತೆಗೆಯಬೇಕು ಎಂದು ಅನಿಕೇತ ಅರ್ಜಿ ಹಾಕಿದರು. ಕರುವನ್ನು ಬೇರೆಯಾಗಿ ಹರಾಜು ಹಾಕಬೇಕು ಎಂದೂ ಅದರಲ್ಲಿತ್ತು.

ಕರೆಪ್ಪನವರ ನಿದ್ದೆ ಕೆಡಿಸಿದ್ದು ಆ ಕೊನೆಯ ಮಾತು. “ಗಂಡ ಎಮ್ಮಿಕರಾ ಸಾಕಾಕ ಯಾರ್ ಒಯ್ತಾರ್ರಿ? ಕೊಯ್ಯಾವ್ರ ಕೈಗೆ ಹೋಗತದ. ಇತ್ಲಾಗ ತಾಯಿ ಒದರಿ ಒದರಿ ಬತ್ತಿ ಹೋಗತಾಳ,” ಎನ್ನುತ್ತಾರೆ.

ಸಾಕ್ಷಿ ಹೇಳಲು ಕರೆ ಬಂತು; ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಈಗಲೂ ಹಾಗೆಯೇ ಒಪ್ಪಿಸುತ್ತಾರೆ: “ಮೇಘಾ ಬಾಯಾರಿಗೆ ಗಿಣ್ಣದ ಸುದ್ದೀನ ಗೊತ್ತಿಲ್ರಿ. ಹಂಚಿದಾಂವ ನಾನು. ಬಸಲಿಂಗಪ್ಪ ಧಣ್ಯಾರ ಮನಿಗೂ ಕೊಟ್ಟೇನಿ, ಅನಿಕೇತ ಸಾಹೇಬರ ಮನಿಗೂ ಬಸ್ಸಿನ್ಯಾಗ ಒಯ್ದ ಕೊಟ್ಟೇನಿ. ಅವರ ಆಯಿ ಇಸ್ಕೊಂಡು, ಎಮ್ಮಿ ಚಲೋ ಇರಲಿ ಅಂದ್ರು.” ನ್ಯಾಯಾಧೀಶರು ನಕ್ಕರಂತೆ. ಗಿಣ್ಣ ತಿಂದ ನೆನಪಾಯಿತೋ ಏನೋ, ಅನಿಕೇತ ತಲೆ ತಗ್ಗಿಸಿದರು. ಕರು ಹುಟ್ಟಿದ್ದನ್ನು ಕೋರ್ಟಿಗೆ ತಿಳಿಸಬೇಕಿತ್ತು ಎಂದು ಮೇಘಾ ಅವರಿಗೂ ಒಂದು ಮಾತು ಬಿತ್ತು. ಮತ್ತೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಕರೆಪ್ಪ ಕೈ ಮುಗಿದರು. “ಮಾರಬ್ಯಾಡ್ರಿ ಅನ್ನಾಕ ನಾ ಯಾರ್ರಿ? ತಾಯೀನ ಕರಾನ ಅಗಲಸಬ್ಯಾಡ್ರಿ, ಅಷ್ಟ.”

ಬಿಸಿಲೇರಿದೆ; ನಾವು ಇನ್ನೂ ಮಾತಾಡುತ್ತಿರುವಾಗಲೇ ಮೇಘಾ ಸ್ಕೂಟರಿನಲ್ಲಿ ಬರುತ್ತಾರೆ. ಆದೇಶದ ಪ್ರತಿ ಸಿಕ್ಕಿದೆ. ತನ್ನನ್ನು ತೆಗೆಯಬೇಕೆಂಬ ಅರ್ಜಿ ವಜಾ ಆದದ್ದನ್ನು ಒಂದೇ ಉಸಿರಿಗೆ ದಾಟಿಸಿ, ಮುಂದಿನ ಸಾಲನ್ನು ನಿಧಾನವಾಗಿ ಓದುತ್ತಾರೆ: ಚಂದ್ರಿ ಮತ್ತು ಅದರ ಕರುವನ್ನು ಬೇರ್ಪಡಿಸದೆ ಒಬ್ಬರಿಗೇ ಮಾರತಕ್ಕದ್ದು.

“ಇನ್ನೊಮ್ಮಿ ಓದ್ರಿ, ಬಾಯಾರ.”

ಅವರು ಮತ್ತೊಮ್ಮೆ ಓದುತ್ತಾರೆ.

“ಇದನ್ನ ಯಾರೂ ತಿರುಗಿಸಾಕ ಬರಂಗಿಲ್ಲಲ್ರಿ?”

“ಇಲ್ಲ ಕಾಕಾ. ಇಬ್ಬರೂ ಧಣ್ಯಾರು ಒಪ್ಪಿ ಸಹಿ ಮಾಡ್ಯಾರ.”

ಕರೆಪ್ಪ ಚಂದ್ರಿಯ ಬೆನ್ನ ಮೇಲೆ ಕೈಯಾಡಿಸುತ್ತಾರೆ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳುತ್ತಾರೆ: “ಹಂಗಾರ ಮಾರ್ರಿ.”