ಬಂದರಿನ ಗೋಡೆಯ ಹುಳು

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಅವರ ಬೆರಳ ತುದಿಗಳಲ್ಲಿ ಸದಾ ಗೀರುಗಾಯ. ಬಂದರಿನ ಗೋಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತಿದ್ದವು. ಕೈಗವಸು ಹಾಕಿಕೊಳ್ಳಿ ಎಂದರೆ, "ಹುಳ ಕೈಗೆ ಹತ್ತಿದ್ದು ಗೊತ್ತಾಗಬೇಕಲ್ಲ" ಎನ್ನುತ್ತಿದ್ದರು.

ಅವರು ಗಜೇಂದ್ರಗಡದ ಮುಸ್ಲಿಂ ನೇಕಾರರ ಮನೆಯ ಮಗಳು, ನಾನು ಹೊಳೆಮಣ್ಣೂರಿನವನು. ಕರಾವಳಿಯ ಕಾಲೇಜಿನಲ್ಲಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ದಿನವೇ, "ಇವ ನಮ್ಮ ಕಡಿಯಾಂವ" ಎಂದು ಡಬ್ಬಿಯ ರೊಟ್ಟಿಯಲ್ಲಿ ಪಾಲು ಕೊಟ್ಟಿದ್ದರು.

ಒಂದು ದಿನ ಕಡಲು ಇಳಿದಾಗ ಇಬ್ಬರೂ ಗೋಡೆಯ ಬುಡಕ್ಕೆ ಹೋಗಿದ್ದೆವು. ಚಿಪ್ಪುಗಳ ಸಂದಿಯಿಂದ ಮೇಡಂ ಒಂದು ಹುಳುವನ್ನು ಎತ್ತಿ ಬಾಟಲಿಗೆ ಹಾಕಿದರು. ಅಕ್ಕಿಕಾಳಿಗಿಂತ ತುಸು ಉದ್ದ, ಬೆನ್ನಿನ ಮೇಲೆ ಕೇಸರಿ ಗೆರೆ.

"ಇಂಥದ್ದು ನಾ ಎಲ್ಲೂ ನೋಡಿಲ್ಲೋ ತಮ್ಮಾ. ಹಡಗಿಗೆ ಅಂಟಿಕೊಂಡು ಬಂದಂಗ ಕಾಣ್ತೈತಿ." ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

ಅಷ್ಟರಲ್ಲಿ ನನ್ನ ಕಾಲು ಜಾರಿ ಎರಡು ಬಂಡೆಗಳ ನಡುವೆ ಸಿಕ್ಕಿಬಿತ್ತು. ಎಳೆದಷ್ಟೂ ಬಿಗಿಯಾಯಿತು. ನೀರು ಮತ್ತೆ ಏರತೊಡಗಿತ್ತು. ಮಲಪ್ರಭೆ ನಮ್ಮ ಅಂಗಳಕ್ಕೆ ನುಗ್ಗುವುದನ್ನು ನೋಡಿ ಬೆಳೆದವನು ನಾನು. ಸೊಂಟಕ್ಕೆ ನೀರು ಬಂದಾಗ ಕಿರುಚಿಕೊಂಡೆ. ಒಂದು ಅಲೆ ಎದೆಗೆ ಬಡಿಯಿತು. ಮೇಡಂ ಒಂದು ಕೈಯಲ್ಲಿ ನನ್ನ ತೋಳು ಹಿಡಿದಿದ್ದರು, ಇನ್ನೊಂದರಲ್ಲಿ ಬಾಟಲಿ. ಬಾಟಲಿ ಬಿಟ್ಟರು. ನೀರಿನೊಳಗೆ ಮುಳುಗಿ ನನ್ನ ಬೂಟಿನ ದಾರ ಬಿಚ್ಚಿದರು. ಬೂಟು ಅಲ್ಲೇ ಉಳಿಯಿತು, ಕಾಲು ಹೊರಬಂತು.

ಮೇಲೆ ಬಂದು ಕೂತ ಮೇಲೆ, "ಬಾಟ್ಲಿ ಹೋತ್ರಿ ಮೇಡಂ" ಎಂದೆ.

"ಹೋಗ್ಲಿ ಬಿಡು. ನಿಮ್ಮವ್ವಗ ನಾ ಏನ್ ಹೇಳಬೇಕಿತ್ತು?"

ಮುಂದೆ ತಿಂಗಳುಗಟ್ಟಲೆ ಹುಡುಕಿದರೂ ಅಂಥ ಹುಳು ಸಿಗಲಿಲ್ಲ. ಅಂಥದ್ದೊಂದು ಇತ್ತೇ ಎಂದು ಸಹೋದ್ಯೋಗಿಗಳು ನಗತೊಡಗಿದರು. ಕೇಳಿದವರಿಗೆಲ್ಲ ಮೇಡಂ, "ನನ್ನ ಕೈಯಿಂದ ಜಾರಿಬಿಡ್ತು" ಎಂದಷ್ಟೇ ಹೇಳುತ್ತಿದ್ದರು. ನಾನು ಬಾಯಿ ತೆರೆದರೆ ಕಣ್ಣಲ್ಲೇ ಸುಮ್ಮನಾಗಿಸುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಅದೇ ಗೋಡೆಯಲ್ಲಿ ಅಂಥದೇ ಹುಳು ಮತ್ತೆ ಸಿಕ್ಕಿತು. ಸುತ್ತಲಿನ ಬಂಡೆಗಳಲ್ಲಿ ಎಲ್ಲೂ ಇಲ್ಲ, ಹಡಗು ನಿಲ್ಲುವ ಕಡೆ ಮಾತ್ರ. ಅದರ ಹತ್ತಿರದ ಬಳಗವೆಲ್ಲ ದೂರದ ಸಮುದ್ರಗಳದ್ದು. ಜಗತ್ತಿಗೇ ಹೊಸ ಪ್ರಭೇದ ಎಂದು ಖಚಿತವಾಯಿತು. ಹಡಗಿನಿಂದಲೇ ಬಂದಿದೆ ಎಂದು ನಾನು ಪ್ರಬಂಧದಲ್ಲಿ ಬರೆದಿದ್ದನ್ನು ಮೇಡಂ, "ಬಂದಿರಬಹುದು ಅಂತ ಬರಿ. ಬರೋದನ್ನ ನಾವ್ ನೋಡೇವೇನು?" ಎಂದು ತಿದ್ದಿಸಿದರು.

ಈ ವರ್ಷ ಅವರು ತೀರಿಕೊಂಡರು. ಗಜೇಂದ್ರಗಡದಲ್ಲಿ ಮಣ್ಣು ಮುಗಿಸಿ ಬರುವಾಗ ಅವರ ತಮ್ಮ ಕೇಳಿದರು: "ಆ ಮೊದಲನೇ ಹುಳ ಅಕ್ಕನ ಕೈಯಿಂದ ಹ್ಯಾಂಗ ಜಾರಿತ್ರಿ? ಎಷ್ಟ್ ಕೇಳಿದ್ರೂ ಹೇಳಲೇ ಇಲ್ಲ."

ಮನೆಯಲ್ಲೂ ಹೇಳಿರಲಿಲ್ಲ.

"ಜಾರಲಿಲ್ರಿ," ಎಂದೆ. "ನನ್ನ ಉಳಸಾಕ ಅದನ್ನ ಬಿಟ್ರು."